ಜೀನ್ಸ್ ಬಟ್ಟೆಯಲ್ಲೊಂದು ಸ್ನಾಯು: ಬಳ್ಳಾರಿಯಲ್ಲೇ ಮೃದು ಆಕ್ಚುಯೇಟರ್ ಹೊಲಿದು, ಅಳೆದು ನೋಡುವ ಕ್ರಮ

ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಯನ್ನು ಎಲ್ಲರೂ ಕಂಡಿದ್ದಾರೆ. ಹೊರಗೆ ಹಿಗ್ಗದ ಬಟ್ಟೆ, ಒಳಗೆ ಗಾಳಿ ಚೀಲ, ಹಿಚುಕಲು ಒಂದು ರಬ್ಬರ್ ಬಲ್ಬ್. ಗಾಳಿ ತುಂಬಿದಂತೆ ಆ ಬಟ್ಟೆ ತೋಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ಮೋಟಾರು, ಗೇರು, ಲೋಹದ ಕೀಲು ಯಾವುದೂ ಇಲ್ಲದೆ ಮೆತ್ತನೆಯ ವಸ್ತುವೇ ಬಲವನ್ನೂ ಚಲನೆಯನ್ನೂ ಕೊಟ್ಟರೆ ಅದನ್ನು ಮೃದು ಆಕ್ಚುಯೇಟರ್ ಎನ್ನುತ್ತಾರೆ. ಅದು ನಮ್ಮ ಸ್ನಾಯುವಿನ ಹಾಗೆ ಎಳೆಯುವಂತೆ, ಬಾಗುವಂತೆ ಮಾಡಿದರೆ ಕೃತಕ ಸ್ನಾಯು.

ಈ ಸಂಶೋಧನೆಗೆ ದೊಡ್ಡ ಪ್ರಯೋಗಾಲಯವೇ ಬೇಕು ಎಂದು ನಮ್ಮ ಭಾಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಂದುಕೊಂಡಿರುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ಬಟ್ಟೆಯ ಸ್ನಾಯು ಹೇಗೆ ಬಾಗುತ್ತದೆ ಎಂಬುದನ್ನು ನಿರ್ಧರಿಸುವುದು ಬಟ್ಟೆಯ ಹಾಸು (ಉದ್ದದ ಎಳೆ) ಯಾವ ಕಡೆ, ಹೊಕ್ಕು (ಅಡ್ಡ ಎಳೆ) ಯಾವ ಕಡೆ, ಎಲ್ಲಿ ಹಿಗ್ಗುತ್ತದೆ, ಎಲ್ಲಿ ನೆರಿಗೆ ಬಿಟ್ಟಿದೆ, ಹೊಲಿಗೆ ಎಷ್ಟು ತಾಳುತ್ತದೆ ಎಂಬ ಸಂಗತಿಗಳು. ಇವೆಲ್ಲವೂ ಬಳ್ಳಾರಿಯ ಕೌಲ್ ಬಜಾರಿನ ಮನೆಗಳಲ್ಲಿ ಜೀನ್ಸ್ ಹೊಲಿಯುವವರಿಗೆ ಕೈಯಲ್ಲೇ ಗೊತ್ತು. ಅವರಿಗೆ ಗೊತ್ತಿರುವುದನ್ನು ಅಂಕಿಗಳಲ್ಲಿ ಬರೆದಿಡುವುದಷ್ಟೇ ನಮ್ಮ ಪಾಲಿನ ಕೆಲಸ. ಆದ್ದರಿಂದ ಈ ಲೇಖನದ ಮೊದಲ ಸೂಚನೆ ಸಾಮಾನು ಪಟ್ಟಿಯಲ್ಲ: ಒಬ್ಬ ಒಳ್ಳೆಯ ಹೊಲಿಗೆಯವರನ್ನು ಹುಡುಕಿ, ಏನು ಮಾಡಲು ಹೊರಟಿದ್ದೀರಿ ಎಂದು ವಿವರಿಸಿ, ಅವರ ಸಮಯಕ್ಕೆ ತಕ್ಕ ಕೂಲಿ ಕೊಡುವ ಮಾತನ್ನು ಮೊದಲೇ ಆಡಿ.

ಡೆನಿಮ್ ಬೆರಳು

ಮೊದಲು ಮಾಡಬೇಕಾದದ್ದು ಗಾಳಿ ತುಂಬಿದರೆ ಬೆರಳಿನಂತೆ ಬಾಗುವ ಒಂದು ಉದ್ದನೆಯ ಕೊಳವೆಯಂಥ ಚೀಲ. ಬೇಕಾಗುವುದು ಇಷ್ಟು: ಚದರ ಗಜಕ್ಕೆ 6ರಿಂದ 8 ಔನ್ಸ್ ತೂಗುವ, ಲೈಕ್ರಾ (ಹಿಗ್ಗುವ ಎಳೆ) ಇಲ್ಲದ ತೆಳು ಡೆನಿಮ್, ಜೀನ್ಸ್ ಪ್ಯಾಕ್ ಮಾಡುವ ಪಾಲಿಥೀನ್ ಟ್ಯೂಬ್ ರೋಲಿನಿಂದ ಒಂದು ತುಂಡು, ಅದನ್ನು ಮುಚ್ಚಲು ಪ್ಯಾಕಿಂಗ್ ಅಂಗಡಿಯ ಸೀಲಿಂಗ್ ಯಂತ್ರ, ಔಷಧಿ ಅಂಗಡಿಯಿಂದ ಡ್ರಿಪ್ ಪೈಪ್, ಮುಳ್ಳಿನ ಮಾಪಕವಿರುವ ಬಿಪಿ ಉಪಕರಣದ ಬಲ್ಬ್ ಮತ್ತು ಮಾಪಕ, ಇವೆಲ್ಲವನ್ನು ಜೋಡಿಸಲು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಮೂರು ಬಾಯಿಯ ಜೋಡಣೆ. ಡೆನಿಮ್‌ಗೆ ಹೊಸ ಬಟ್ಟೆ ಕೊಳ್ಳಬೇಕಿಲ್ಲ, ಕತ್ತರಿಸಿ ಉಳಿದ ತುಂಡುಗಳೇ ಸಾಕು. ಆದರೆ ಒಮ್ಮೆಯಾದರೂ ಒಗೆದ ಬಟ್ಟೆಯಾಗಿರಲಿ. ಒಗೆಯದ ಡೆನಿಮ್ ಮೊದಲ ನೀರಿಗೇ ಕುಗ್ಗುತ್ತದೆ, ನೀವು ಹಾಕಿದ ಲೆಕ್ಕವೆಲ್ಲ ತಪ್ಪುತ್ತದೆ.

ಬಾಗುವಿಕೆಯ ತತ್ವ ಸರಳವಾಗಿದೆ. ಚೀಲದ ಕೆಳಪದರ ಉದ್ದವಾಗಬಾರದು, ಮೇಲ್ಪದರ ಉದ್ದವಾಗಬೇಕು. ಆಗ ಗಾಳಿ ತುಂಬಿದರೆ ಚೀಲ ಕೆಳಪದರದ ಕಡೆಗೆ ಬಾಗುತ್ತದೆ. ಮೇಲ್ಪದರವನ್ನು ಉದ್ದವಾಗಿಸಲು ಎರಡು ದಾರಿಗಳಿವೆ. ಒಂದು, ಲೈಕ್ರಾ ಇರುವ ಡೆನಿಮ್ ಬಳಸುವುದು. ಅಂಥ ಬಟ್ಟೆ ಸಾಮಾನ್ಯವಾಗಿ ಹೊಕ್ಕಿನ ದಿಕ್ಕಿನಲ್ಲಿ ಮಾತ್ರ ಹಿಗ್ಗುತ್ತದೆ, ಹಾಗಾಗಿ ಹೊಕ್ಕು ಬೆರಳಿನ ಉದ್ದಕ್ಕೆ ಬರುವಂತೆ ಅಡ್ಡ ಕತ್ತರಿಸಬೇಕು. ಇನ್ನೊಂದು, ಹಿಗ್ಗದ ಬಟ್ಟೆಯಲ್ಲೇ ನೆರಿಗೆ ಹಿಡಿಯುವುದು. ಆರಂಭಕ್ಕೆ ನೆರಿಗೆಯೇ ಉತ್ತಮ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಲೈಕ್ರಾ ಡೆನಿಮ್ ಅನ್ನು ಹಿಗ್ಗಿಸುವುದಕ್ಕೇ ಒತ್ತಡದ ಒಂದು ಪಾಲು ಖರ್ಚಾಗುತ್ತದೆ. ನೆರಿಗೆ ಮಾತ್ರ ಕಡಿಮೆ ಒತ್ತಡಕ್ಕೇ ಬಿಚ್ಚಿಕೊಳ್ಳುತ್ತದೆ, ಎಷ್ಟು ಉದ್ದ ಬಿಡಬೇಕೆಂದು ಮೊದಲೇ ಲೆಕ್ಕ ಹಾಕಬಹುದು.

ಆ ಲೆಕ್ಕ ಹೀಗಿದೆ. ಚಪ್ಪಟೆಯಾಗಿದ್ದಾಗ ಚೀಲದ ಒಳ ಅಗಲ 30 ಮಿಲಿಮೀಟರ್ ಇರಲಿ. ಗಾಳಿ ತುಂಬಿ ದುಂಡಗಾದಾಗ ಸುತ್ತಳತೆ 60 ಮಿಲಿಮೀಟರ್, ಅಂದರೆ ವ್ಯಾಸ ಸುಮಾರು 19 ಮಿಲಿಮೀಟರ್. ಬಾಗಿದ ಚೀಲದ ಹೊರಬದಿ ಒಳಬದಿಗಿಂತ ಎಷ್ಟು ಉದ್ದವಿರಬೇಕು ಎಂದರೆ, ವ್ಯಾಸವನ್ನು ಬಾಗುವ ಕೋನದಿಂದ (ರೇಡಿಯನ್ ಲೆಕ್ಕದಲ್ಲಿ) ಗುಣಿಸಿದಷ್ಟು. 180 ಡಿಗ್ರಿ ಎಂದರೆ 3.14 ರೇಡಿಯನ್, 19ನ್ನು 3.14ರಿಂದ ಗುಣಿಸಿದರೆ ಹತ್ತಿರ ಹತ್ತಿರ 60. ಕೆಳಪದರ 200 ಮಿಲಿಮೀಟರ್ ಇದ್ದರೆ ಮೇಲ್ಪದರ 260 ಇರಬೇಕು. ಹೆಚ್ಚುವರಿ 60 ಮಿಲಿಮೀಟರನ್ನು ತಲಾ 10ರಂತೆ ಆರು ನೆರಿಗೆಗಳಿಗೆ ಹಂಚಿದರೆ ಒಂದೊಂದು ನೆರಿಗೆ ಸುಮಾರು 30 ಡಿಗ್ರಿ ಬಾಗಿಸುತ್ತದೆ. ನಿಜವಾದ ಬೆರಳಿನಂತೆ ಗೆಣ್ಣುಗಳಲ್ಲಿ ಮಾತ್ರ ಬಾಗಬೇಕೆಂದರೆ ನೆರಿಗೆಗಳನ್ನು ಅಲ್ಲಲ್ಲೇ ಗುಂಪಾಗಿ ಇಡಿ.

ಕತ್ತರಿಸುವಾಗ ಎರಡೂ ಪದರಗಳಿಗೆ 50 ಮಿಲಿಮೀಟರ್ ಅಗಲ ಇರಲಿ. ಎರಡೂ ಬದಿಯಲ್ಲಿ ಹೊಲಿಗೆಗೆ ಹತ್ತು ಹತ್ತು ಮಿಲಿಮೀಟರ್ ಹೋಗುತ್ತದೆ. ಉದ್ದದ ತುದಿಗಳಲ್ಲೂ ಇಪ್ಪತ್ತಿಪ್ಪತ್ತು ಹೆಚ್ಚು ಬಿಡಿ. ಹಾಸು ಬೆರಳಿನ ಉದ್ದಕ್ಕೆ ಬರಲಿ. ಮೇಲ್ಪದರದಲ್ಲಿ ನೆರಿಗೆ ಹಿಡಿದು, ಬದಿಗಳನ್ನು ಕಚ್ಚಾ ಹೊಲಿಗೆಯಲ್ಲಿ ನಿಲ್ಲಿಸಿ, ಕೆಳಪದರದ ಮೇಲಿಟ್ಟು ಎರಡೂ ಬದಿಗೆ ಎರಡೆರಡು ಸಾಲು ಹೊಲಿಗೆ ಹಾಕಿಸಿ. 16ನೇ ನಂಬರಿನ ಸೂಜಿ ಸಾಕು. ನೆರಿಗೆಯ ನಡುಭಾಗಕ್ಕೆ ಹೊಲಿಗೆ ಬೀಳಬಾರದು, ಅದು ಬಿಚ್ಚಿಕೊಳ್ಳಬೇಕಾದ ಜಾಗ. ಹೊಲಿಗೆಯ ಅಂಚು ಹೊರಗೇ ಉಳಿಯಲಿ, ಒಳಕ್ಕೆ ಮಡಚಿದರೆ ಗಟ್ಟಿ ಏಣು ಗಾಳಿ ಚೀಲವನ್ನು ಉಜ್ಜುತ್ತದೆ. ಒಂದು ತುದಿಯನ್ನು ಪೂರ್ತಿ ಮುಚ್ಚಿ ಬಾರ್‌ಟ್ಯಾಕ್ (ಬಿಚ್ಚದಂತೆ ಒತ್ತೊತ್ತಾಗಿ ಹಾಕುವ ಹೊಲಿಗೆ) ಹಾಕಿಸಿ, ಇನ್ನೊಂದನ್ನು ತೆರೆದಿಡಿ.

ಗಾಳಿ ಚೀಲದ ವಿಷಯದಲ್ಲಿ ಒಂದು ನಿಯಮವನ್ನು ಮರೆಯಬಾರದು: ಅದು ಬಟ್ಟೆಯ ಚೀಲಕ್ಕಿಂತ ದೊಡ್ಡದಾಗಿರಬೇಕು. ಚಿಕ್ಕದಾಗಿದ್ದರೆ ಒತ್ತಡವನ್ನೆಲ್ಲ ಪಾಲಿಥೀನೇ ಹೊತ್ತು ಒಡೆಯುತ್ತದೆ. ದೊಡ್ಡದಾಗಿದ್ದರೆ ಅದು ಬಟ್ಟೆಗೆ ಒರಗಿಕೊಳ್ಳುತ್ತದೆ, ಭಾರ ಬಟ್ಟೆಯ ಮೇಲೆ ಬೀಳುತ್ತದೆ. 40 ಮಿಲಿಮೀಟರ್ ಅಗಲ, 300 ಮಿಲಿಮೀಟರ್ ಉದ್ದದ ಟ್ಯೂಬಿನ ಒಂದು ತುದಿಗೆ ಎರಡು ಸಾಲು ಸೀಲ್ ಮಾಡಿಸಿ. ಇನ್ನೊಂದು ತುದಿಗೆ ಡ್ರಿಪ್ ಪೈಪ್ ತೂರಿಸಿ, ಬಾಯನ್ನು ಪೈಪಿನ ಸುತ್ತ ಒಟ್ಟುಗೂಡಿಸಿ, ಟೇಪು ಸುತ್ತಿ, ಮೇಲೆ ದಾರದಿಂದ ಬಿಗಿಯಾಗಿ ಕಟ್ಟಿ. ಪಾಲಿಥೀನಿಗೆ ಅಂಟು ಹಿಡಿಯುವುದಿಲ್ಲ, ಕಟ್ಟೇ ಗತಿ. ಬಟ್ಟೆಯೊಳಗೆ ಸೇರಿಸುವ ಮೊದಲು ನೀರಿನಲ್ಲಿ ಅದ್ದಿ ಗುಳ್ಳೆ ಬರುತ್ತದೆಯೇ ನೋಡಿ.

ಬಿಪಿ ಬಲ್ಬನ್ನು ಆರಿಸಿದ್ದಕ್ಕೆ ಬೆಲೆಯೊಂದೇ ಕಾರಣವಲ್ಲ. ಅದರ ಮಾಪಕ ನಿಲ್ಲುವ 300 ಮಿಲಿಮೀಟರ್ ಪಾದರಸ ಎಂದರೆ 40 ಕಿಲೋಪ್ಯಾಸ್ಕಲ್. ಈ ಗಾತ್ರದ ಚೀಲಕ್ಕೆ ಅದು ಸುರಕ್ಷಿತ ಮಿತಿ, ಜೊತೆಗೆ ಮಾಪನವೂ ಆಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಇದನ್ನು ಯಾವ ಕಾರಣಕ್ಕೂ ಜೋಡಿಸಬೇಡಿ. 40 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ 19 ಮಿಲಿಮೀಟರ್ ವ್ಯಾಸದ ಚೀಲದ ತುದಿಯ ಮೇಲೆ ಬೀಳುವ ನೂಕು ಸುಮಾರು 11.5 ನ್ಯೂಟನ್, ಅಂದರೆ ಒಂದು ಕಿಲೋಗಿಂತ ತುಸು ಹೆಚ್ಚು ಭಾರದಷ್ಟು. ಹೊಲಿಗೆಯ ಪ್ರತಿ ಸೆಂಟಿಮೀಟರಿಗೆ ನಾಲ್ಕು ನ್ಯೂಟನ್‌ಗಿಂತ ಕಡಿಮೆ ಸೆಳೆತ ಬೀಳುತ್ತದೆ. ಜೀನ್ಸ್ ಹೊಲಿಗೆಗೆ ಅದು ಲೆಕ್ಕಕ್ಕೇ ಇಲ್ಲ.

ಗಾಳಿ ಬಿಟ್ಟ ಮೇಲೆ ನೆರಿಗೆಯ ಬೆರಳು ತಾನಾಗಿ ನೇರವಾಗುವುದಿಲ್ಲ. ಮೇಲ್ಪದರದ ಮೇಲೆ ಉದ್ದಕ್ಕೆ ಒಂದು ತೆಳು ಇಲಾಸ್ಟಿಕ್ ಪಟ್ಟಿ ಹೊಲಿಸಿದರೆ ಅದು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇಲಾಸ್ಟಿಕ್ ಬಿಗಿಯಾದಷ್ಟೂ ಬಾಗುವಿಕೆ ಕಡಿಮೆ, ಸಡಿಲವಾದಷ್ಟೂ ಮರಳುವಿಕೆ ನಿಧಾನ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೊಲಿಗೆಯವರನ್ನು ಕೇಳಿ, ಸೊಂಟಪಟ್ಟಿಗೆ ಇಲಾಸ್ಟಿಕ್ ಹಾಕಿದ ಕೈಗೆ ಇದು ಚೆನ್ನಾಗಿ ತಿಳಿದಿರುತ್ತದೆ.

ಅಳೆಯುವುದು

ಬೆರಳು ಬಾಗಿದ ವಿಡಿಯೋ ಎಲ್ಲರಿಗೂ ಇಷ್ಟವಾಗುತ್ತದೆ. ಸಂಶೋಧನೆ ಶುರುವಾಗುವುದು ಮಾತ್ರ ಅಂಕಿಯಿಂದ. ಗ್ರಾಫ್ ಹಾಳೆಯನ್ನು ಗೋಡೆಗೆ ಅಂಟಿಸಿ, ಬೆರಳಿನ ಬುಡವನ್ನು ಅದರ ಮುಂದೆ ಭದ್ರಪಡಿಸಿ, ಮೊಬೈಲನ್ನು ಒಂದೇ ಜಾಗದಲ್ಲಿ ನಿಲ್ಲಿಸಿ. ಮಾಪಕದಲ್ಲಿ 50, 100, 150 ಹೀಗೆ 300ರವರೆಗೆ ಏರಿಸುತ್ತ ಪ್ರತಿ ಹಂತದಲ್ಲೂ ಚಿತ್ರ ತೆಗೆಯಿರಿ. ಬಳಿಕ ಅದೇ ಹಂತಗಳಲ್ಲಿ ಇಳಿಸುತ್ತ ಮತ್ತೆ ತೆಗೆಯಿರಿ. ಏರುವಾಗ 150ರಲ್ಲಿ ಸಿಕ್ಕ ಕೋನ ಇಳಿಯುವಾಗ 150ರಲ್ಲಿ ಸಿಗುವುದಿಲ್ಲ. ಬಟ್ಟೆಯ ಎಳೆಗಳು ಒಂದರ ಮೇಲೊಂದು ಉಜ್ಜುವುದರಿಂದ ಹೀಗಾಗುತ್ತದೆ. ಇದನ್ನು ದೋಷವೆಂದು ಮುಚ್ಚಿಡದೆ ಎರಡೂ ಸಾಲುಗಳನ್ನು ನಕ್ಷೆಯಲ್ಲಿ ಬರೆಯಿರಿ. ಬಟ್ಟೆಯ ಆಕ್ಚುಯೇಟರನ್ನು ನಿಖರವಾಗಿ ನಿಯಂತ್ರಿಸುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ಲೆಕ್ಕ 180 ಡಿಗ್ರಿ ಹೇಳಿದರೂ ನಿಮ್ಮ ಬೆರಳು ಅಷ್ಟು ಬಾಗುವುದಿಲ್ಲ. ನೆರಿಗೆಯ ಬದಿಗಳು ಹೊಲಿಗೆಯಲ್ಲಿ ಸಿಕ್ಕಿಕೊಂಡಿರುವುದರಿಂದ ಅದು ಪೂರ್ತಿ ಬಿಚ್ಚುವುದಿಲ್ಲ. ಎಷ್ಟು ಕಡಿಮೆಯಾಯಿತು, ನೆರಿಗೆಯ ಆಳ ಹೆಚ್ಚಿಸಿದರೆ ಏನಾಗುತ್ತದೆ, ಸಂಖ್ಯೆ ಹೆಚ್ಚಿಸಿದರೆ ಏನಾಗುತ್ತದೆ ಎಂಬುವು ಒಂದು ಸೆಮಿಸ್ಟರಿಗೆ ಸಾಕಾಗುವ ಪ್ರಶ್ನೆಗಳು. ಒಮ್ಮೆಗೆ ಒಂದನ್ನೇ ಬದಲಿಸಿ, ಪ್ರತಿ ಬಗೆಯಲ್ಲೂ ಒಂದಕ್ಕಿಂತ ಹೆಚ್ಚು ಬೆರಳು ಹೊಲಿಸಿ. ಒಂದೇ ಮಾದರಿ ಅಳೆದು ತೀರ್ಮಾನ ಬರೆಯುವುದು ತಪ್ಪು.

ಬಲ ಅಳೆಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬುಡವನ್ನು ಅಲುಗದಂತೆ ಹಿಡಿದು, ತುದಿ ತಕ್ಕಡಿಯ ಮೇಲೆ ಒತ್ತುವಂತೆ ಇಟ್ಟು, ಪ್ರತಿ ಒತ್ತಡಕ್ಕೂ ಗ್ರಾಂ ಬರೆದುಕೊಳ್ಳಿ. ಗ್ರಾಂ ಅನ್ನು 1000ದಿಂದ ಭಾಗಿಸಿ 9.8ರಿಂದ ಗುಣಿಸಿದರೆ ನ್ಯೂಟನ್.

ಬಟ್ಟೆ ಮತ್ತು ಗಾಳಿಯ ಸ್ನಾಯುವಿಗೆ ಹಳೆಯ ಇತಿಹಾಸವಿದೆ. 1950ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕಿಬನ್ ಪೋಲಿಯೊದಿಂದ ಕೈ ಶಕ್ತಿ ಕಳೆದುಕೊಂಡ ತನ್ನ ಮಗಳಿಗಾಗಿ ಹೆಣೆದ ಕವಚದೊಳಗೆ ರಬ್ಬರ್ ಕೊಳವೆಯಿಟ್ಟು ಸ್ನಾಯು ರೂಪಿಸಿದ. ಗಾಳಿ ತುಂಬಿದರೆ ಆ ಹೆಣಿಗೆ ದಪ್ಪವಾಗುತ್ತ ಗಿಡ್ಡವಾಗುತ್ತದೆ. ಹೆಣಿಗೆಯ ಎಳೆ ಉದ್ದದ ದಿಕ್ಕಿನೊಂದಿಗೆ ಮಾಡುವ ಕೋನ ಸುಮಾರು 54.7 ಡಿಗ್ರಿ ಮುಟ್ಟಿದಾಗ ಕುಗ್ಗುವಿಕೆ ನಿಲ್ಲುತ್ತದೆ. ಬಾಗುವ ಬೆರಳಿನ ಬದಲು ಎಳೆಯುವ ಸ್ನಾಯು ಬೇಕಿದ್ದರೆ ವಿದ್ಯುತ್ ತಂತಿಗೆ ತೊಡಿಸುವ ಹೆಣೆದ ನೈಲಾನ್ ಕವಚದಿಂದ ಇದನ್ನು ಮಾಡಬಹುದು.

ಗಾಳದ ದಾರದ ಸ್ನಾಯು

ಗಾಳಿಯಿಲ್ಲದೆ, ಬರೀ ಬಿಸಿಯಿಂದ ಕುಗ್ಗುವ ದಾರವೂ ಸಾಧ್ಯ. 2014ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕೇಂದ್ರದ ರೇ ಬಾಮನ್ ಅವರ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದಾಗ ಬಹಳ ಮಂದಿ ಬೆರಗಾದರು. ಅವರು ಬಳಸಿದ್ದು ಮೀನಿನ ಗಾಳದ ದಾರ ಮತ್ತು ಹೊಲಿಗೆ ದಾರ. ವಿಪರೀತ ಹುರಿ ಹಾಕಿ ಸುರುಳಿಯಾಗಿಸಿದ ನೈಲಾನ್ ದಾರ ಬಿಸಿಯಾದಾಗ ಶೇಕಡಾ 49ರವರೆಗೆ ಕುಗ್ಗಿತು. ಅಷ್ಟೇ ಉದ್ದ, ಅಷ್ಟೇ ತೂಕದ ಮನುಷ್ಯನ ಸ್ನಾಯುವಿಗಿಂತ ನೂರು ಪಟ್ಟು ಭಾರವನ್ನು ಎತ್ತಿತು.

ಕಾರಣ ಹೀಗಿದೆ. ನೈಲಾನ್ ಎಳೆ ಬಿಸಿಯಾದಾಗ ದಪ್ಪವಾಗುತ್ತದೆ, ಉದ್ದದಲ್ಲಿ ತುಸು ಕುಗ್ಗುತ್ತದೆ. ಹುರಿ ಹಾಕಿದ ಎಳೆಯಲ್ಲಿ ಇದು ಹುರಿ ಬಿಚ್ಚುವ ತಿರುಚು ಬಲವಾಗುತ್ತದೆ. ಎಳೆ ಸುರುಳಿಯ ರೂಪದಲ್ಲಿದ್ದರೆ ಆ ತಿರುಚು ಸುರುಳಿಗಳನ್ನು ಒಂದರ ಬಳಿಗೊಂದು ಎಳೆಯುತ್ತದೆ. ಹುರಿಯ ದಿಕ್ಕು ಮತ್ತು ಸುರುಳಿಯ ದಿಕ್ಕು ಒಂದೇ ಆಗಿದ್ದರೆ ಸ್ನಾಯು ಕುಗ್ಗುತ್ತದೆ, ವಿರುದ್ಧವಾಗಿದ್ದರೆ ಉದ್ದವಾಗುತ್ತದೆ.

ತುಂಗಭದ್ರಾ ಜಲಾಶಯದ ದಂಡೆಯ ಮುನಿರಾಬಾದ್ ಕಡೆ ಹೋದರೆ ಮೀನುಗಾರರಿಂದಲೇ ಗಾಳದ ದಾರದ ಬಗೆಗಳನ್ನು ತಿಳಿಯಬಹುದು. ಆದರೆ ಮಾರುವ ದಾರವೆಲ್ಲ ನೈಲಾನ್ ಅಲ್ಲ. ಜೀನ್ಸ್ ಹೊಲಿಗೆ ದಾರವಂತೂ ಬಹುಪಾಲು ಪಾಲಿಯೆಸ್ಟರ್. ಗುರುತಿಸಲು ಸುಟ್ಟು ನೋಡುವ ಅಗತ್ಯವಿಲ್ಲ, ಎರಡು ಲೋಟ ಸಾಕು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಇನ್ನು ಕರಗದು ಎನ್ನುವಷ್ಟು ಉಪ್ಪು ಕಲಸಿದ ನೀರು. ದಾರದ ಸಣ್ಣ ತುಂಡನ್ನು ಸೋಪಿನ ನೀರಿನಲ್ಲಿ ಹಿಚುಕಿ ಗಾಳಿ ತೆಗೆದು ಹಾಕಿ. ಬರೀ ನೀರಿನಲ್ಲೇ ತೇಲಿದರೆ ಅದು ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಬರೀ ನೀರಿನಲ್ಲಿ ಮುಳುಗಿ ಉಪ್ಪುನೀರಿನಲ್ಲಿ ತೇಲಿದರೆ ನೈಲಾನ್, ಏಕೆಂದರೆ ಅದರ ಸಾಂದ್ರತೆ 1.14, ಗಟ್ಟಿ ಉಪ್ಪುನೀರಿನದು ಸುಮಾರು 1.2. ಎರಡರಲ್ಲೂ ಮುಳುಗಿದರೆ ಪಾಲಿಯೆಸ್ಟರ್ ಅಥವಾ ಫ್ಲೋರೊಕಾರ್ಬನ್.

ಅರ್ಧ ಮಿಲಿಮೀಟರ್ ದಪ್ಪದ ನೈಲಾನ್ ದಾರ ಒಂದು ಮೀಟರ್ ತೆಗೆದುಕೊಳ್ಳಿ. ಮೇಲಿನ ತುದಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ, ಕೆಳಗೆ ಕಾಲು ಲೀಟರ್ ನೀರಿರುವ ಬಾಟಲಿ ಕಟ್ಟಿ. ಬಾಟಲಿ ಮೇಲೆ ಕೆಳಗೆ ಚಲಿಸಬಹುದು, ಆದರೆ ತಿರುಗಬಾರದು. ಅದಕ್ಕೊಂದು ಅಡ್ಡಕಡ್ಡಿ ಕಟ್ಟಿ ಎರಡು ಕುರ್ಚಿಗಳ ನಡುವೆ ತಡೆಯಿರಿ. ಡ್ರಿಲ್ಲನ್ನು ನಿಧಾನವಾಗಿ ತಿರುಗಿಸಿ. ನೂರಾರು ಸುತ್ತುಗಳಾದ ಮೇಲೆ ಒಂದು ಕಡೆ ತಾನೇ ಸುರುಳಿ ಮೂಡಿ, ಅಲ್ಲಿಂದ ಇಡೀ ಉದ್ದಕ್ಕೆ ಹರಡುತ್ತದೆ. ದಾರ ತುಂಡಾದರೆ ತೂಕ ಹೆಚ್ಚಾಯಿತು, ಅಡ್ಡಾದಿಡ್ಡಿ ಗಂಟು ಬಿದ್ದರೆ ತೂಕ ಕಡಿಮೆಯಾಯಿತು. ಕೊನೆಗೆ ಒಂದು ಮೀಟರ್ ದಾರ 200 ಮಿಲಿಮೀಟರ್ ಆಸುಪಾಸಿನ ಸುರುಳಿಯಾಗುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ: ಕೈತಪ್ಪಿ ಬಿಟ್ಟರೆ ಅದು ರಭಸದಿಂದ ಬಿಚ್ಚಿ ಮುಖಕ್ಕೆ ಹೊಡೆಯುತ್ತದೆ.

ಈ ಸುರುಳಿಯನ್ನು ಬಿಸಿಯಿಂದ ನಿಲ್ಲಿಸಬೇಕು. ಉಕ್ಕಿನ ಚೌಕಟ್ಟಿಗೆ ಎರಡೂ ತುದಿ ತಿರುಗದಂತೆ ಬಿಗಿದು, ಸುರುಳಿಗಳ ನಡುವೆ ತುಸು ಸಂದು ಕಾಣುವಷ್ಟು ಎಳೆದು, ಅಡುಗೆಗೆ ಬಳಸದ ಹಳೆಯ ಪ್ರೆಷರ್ ಕುಕ್ಕರಿನಲ್ಲಿ ಅರ್ಧ ಗಂಟೆ ಹಬೆಗೆ ಇಡಿ. ಕುಕ್ಕರಿನ ಹಬೆ ಸುಮಾರು 120 ಡಿಗ್ರಿ ಇರುತ್ತದೆ. ಸಂದು ಬಿಡುವುದನ್ನು ಕಡೆಗಣಿಸಬೇಡಿ. ಸುರುಳಿಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಕುಗ್ಗಲು ಜಾಗವೇ ಇರುವುದಿಲ್ಲ.

ಪರೀಕ್ಷೆಗೆ ಸುರುಳಿಯ ಮೇಲಿನ ತುದಿಯನ್ನು ಭದ್ರವಾಗಿ ಬಿಗಿದು, ಕೆಳಗೆ 300 ಗ್ರಾಂ ತೂಕ ಕಟ್ಟಿ, ಇಲ್ಲೂ ತೂಕ ತಿರುಗದಂತೆ ತಡೆದು, ಸುರುಳಿಯ ಮೇಲೆ ಬಿಸಿನೀರು ಸುರಿಯಿರಿ. ನೀರು ಕೆಳಗಿನ ಬಕೆಟ್ಟಿಗೆ ಬೀಳಲಿ, ಕೈ ಕಾಲು ದೂರವಿರಲಿ. ಬಿಸಿ ಮಾಡಿ ತಣಿಸುವ ಮೊದಲ ಕೆಲವು ಸುತ್ತುಗಳಲ್ಲಿ ದಾರ ಹಿಗ್ಗಿ ಹೊಂದಿಕೊಳ್ಳುತ್ತದೆ, ಆ ಅಳತೆಗಳನ್ನು ಬರೆಯಿರಿ ಆದರೆ ಸರಾಸರಿಗೆ ಸೇರಿಸಬೇಡಿ. ಉದಾಹರಣೆಗೆ, ತಣ್ಣಗಿದ್ದಾಗ 200 ಮಿಲಿಮೀಟರ್ ಇದ್ದದ್ದು ಬಿಸಿಯಾದಾಗ 180 ಆಯಿತು ಎನ್ನೋಣ. ಕುಗ್ಗುವಿಕೆ ಶೇಕಡಾ 10. ಮಾಡಿದ ಕೆಲಸ 0.3 ಕಿಲೋ, 9.8, 0.02 ಮೀಟರ್ ಇವುಗಳ ಗುಣಲಬ್ಧ, ಅಂದರೆ ಸುಮಾರು 0.059 ಜೂಲ್. ಒಂದು ಮೀಟರ್ ದಾರದ ತೂಕ 0.224 ಗ್ರಾಂ. ಹಾಗಾಗಿ ಒಂದು ಕಿಲೋ ಸ್ನಾಯುವಿಗೆ ಸುಮಾರು 260 ಜೂಲ್. ಎರಡು ಬೇರೆ ಸ್ನಾಯುಗಳನ್ನು ಹೋಲಿಸಲು ಈ ಕೊನೆಯ ಅಂಕಿಯೇ ಬೇಕಾದದ್ದು.

ನಮ್ಮ ಊರುಗಳ ಬಿಸಿಲು ಇಲ್ಲಿ ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಮೇ ತಿಂಗಳಲ್ಲಿ ರಾಯಚೂರಿನ ಕೊಠಡಿಯೇ 40 ಡಿಗ್ರಿ ಮುಟ್ಟಿರುತ್ತದೆ, ಜನವರಿಯ ಬೆಳಗ್ಗೆ ಅದೇ ಕೊಠಡಿ 20ರ ಹತ್ತಿರ ಇರಬಹುದು. ‘ಕೊಠಡಿಯ ತಾಪಮಾನ’ ಎಂದಷ್ಟೇ ಬರೆದರೆ ಆ ಅಳತೆಗೆ ಬೆಲೆಯಿಲ್ಲ. ಮಡಕೆಯ ನೀರಿನಿಂದ 25 ಅಥವಾ 30 ಡಿಗ್ರಿಗೆ ತಂದು ಅಲ್ಲಿಂದ ಶುರು ಮಾಡಿ. ನೈಲಾನ್ ತೇವವನ್ನೂ ಹೀರುತ್ತದೆ, ಆದ್ದರಿಂದ ಬಿಸಿನೀರಿನ ಅಳತೆಯನ್ನು ಬಿಸಿಗಾಳಿಯ ಅಳತೆಯೊಂದಿಗೆ ಬೆರೆಸಬೇಡಿ.

ತೇವವೇ ಚಾಲಕಶಕ್ತಿಯಾಗುವ ಸ್ನಾಯುಗಳೂ ಇವೆ. ಒದ್ದೆಯಾದ ಹತ್ತಿ ಹಗ್ಗ ಬಿಗಿಯುವುದನ್ನು ನಮ್ಮ ರೈತರು ನೋಡಿಯೇ ಇರುತ್ತಾರೆ: ಎಳೆಗಳು ನೀರು ಕುಡಿದು ದಪ್ಪವಾದಾಗ ಹುರಿಯ ಹಗ್ಗ ಗಿಡ್ಡವಾಗುತ್ತದೆ. ರಾಯಚೂರಿನ ಹತ್ತಿಯಿಂದ ಬಿಗಿ ಹುರಿಯ ನೂಲು ಮಾಡಿ ಒದ್ದೆ ಮತ್ತು ಒಣ ಸ್ಥಿತಿಯ ಉದ್ದ ಅಳೆಯುವುದು ಪ್ರೌಢಶಾಲೆಯ ಮಕ್ಕಳಿಂದಲೂ ಆಗುವ ಕೆಲಸ.

ದಾರದಿಂದ ಬಟ್ಟೆಗೆ

ಒಂಟಿ ದಾರದ ಬಲ ಸಣ್ಣದು. ನೇಯ್ದರೆ ಏನಾಗುತ್ತದೆ, ಹೆಣೆದರೆ (ನಿಟ್ಟಿಂಗ್ ಮಾಡಿದರೆ) ಏನಾಗುತ್ತದೆ? ಸ್ವೀಡನ್ನಿನ ಲಿನ್‌ಶೋಪಿಂಗ್ ಮತ್ತು ಬೊರೋಸ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಉತ್ತರ ಕೊಟ್ಟಿದೆ. ಸೆಲ್ಯುಲೋಸ್ ನೂಲಿಗೆ ವಿದ್ಯುತ್ತಿಗೆ ಸ್ಪಂದಿಸುವ ಪಾಲಿಮರ್ ಲೇಪಿಸಿ ಅವರು ಬಟ್ಟೆ ಮಾಡಿದರು. ನೇಯ್ದ ಬಟ್ಟೆಯಲ್ಲಿ ನೂಲುಗಳ ಬಲ ಕೂಡಿಕೊಂಡಿತು, ನಿಟ್ಟಿಂಗ್ ಮಾಡಿದ ಬಟ್ಟೆಯಲ್ಲಿ ಚಲನೆಯ ಪ್ರಮಾಣ ಬಹಳ ಹೆಚ್ಚಾಯಿತು. ಭಾರ ಎತ್ತಬೇಕೆಂದರೆ ನೇಯ್ಗೆ, ದೂರ ಚಲಿಸಬೇಕೆಂದರೆ ಹೆಣಿಗೆ ಎಂದು ನೆನಪಿಟ್ಟುಕೊಳ್ಳಬಹುದು.

ಗಾಳದ ದಾರದ ಸುರುಳಿಗಳನ್ನು ಹಾಸಿನಲ್ಲಿಟ್ಟು ಹತ್ತಿ ನೂಲನ್ನು ಹೊಕ್ಕಾಗಿ ಹಾಕಿ ನೇಯಬಹುದು. ಹೊಕ್ಕನ್ನು ಬಿಗಿಯಾಗಿ ಬಡಿದರೆ ಸುರುಳಿ ಅಲುಗಲಾರದು, ತೀರಾ ಸಡಿಲವಾದರೆ ಬಟ್ಟೆ ನಿಲ್ಲದು. ಕೊಪ್ಪಳದ ಪಕ್ಕದ ಭಾಗ್ಯನಗರದ ಕೈಮಗ್ಗದ ನೇಕಾರರು ಈ ನಡುವಿನ ಹದವನ್ನು ನಮ್ಮ ಯಾವ ಸಿಮ್ಯುಲೇಶನ್‌ಗಿಂತ ಬೇಗ ಹಿಡಿಯುತ್ತಾರೆ ಎಂದು ನನಗೆ ನಂಬಿಕೆಯಿದೆ. ಮೊದಲು ಅಂಗೈ ಅಗಲದ ತುಂಡು ನೇಯಿಸಿ ನೋಡಿ.

ನೀರಿನ ಬದಲು ವಿದ್ಯುತ್ತಿನಿಂದ ಬಿಸಿ ಮಾಡಲು ಬೆಳ್ಳಿ ಲೇಪಿಸಿದ ನೈಲಾನ್ ಹೊಲಿಗೆ ದಾರ ಬಳಸುತ್ತಾರೆ. ಹುರಿ ಹಾಕಿದ ಎರಡು ದಾರಗಳನ್ನು ಜೊತೆಗೂಡಿಸಿ ಹೊಸೆದರೆ ತಿರುಚು ಪರಸ್ಪರ ಸಮವಾಗಿ, ಸ್ನಾಯು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ವಿದ್ಯುತ್ ಪ್ರವಾಹಕ್ಕೆ ಮಿತಿ ಹಾಕಬಹುದಾದ ಸಪ್ಲೈ ಇಲ್ಲದೆ ಇದಕ್ಕೆ ಕೈ ಹಾಕಬೇಡಿ, ದಾರ ಕರಗಿ ಸುಡುತ್ತದೆ. ಇದರ ದಕ್ಷತೆಯೂ ಕಡಿಮೆ, ಕೊಟ್ಟ ಶಕ್ತಿಯಲ್ಲಿ ಶೇಕಡಾ ಒಂದರ ಆಸುಪಾಸು ಮಾತ್ರ ಕೆಲಸವಾಗುತ್ತದೆ. ತಣ್ಣಗಾಗಲು ಹಿಡಿಯುವ ಸಮಯವೇ ಇದರ ವೇಗವನ್ನು ಕಟ್ಟಿಹಾಕುತ್ತದೆ. ಮೈಗೆ ತೊಡುವ ಸಾಧನಕ್ಕೆ ಇವತ್ತಿನ ಮಟ್ಟಿಗೆ ಗಾಳಿಯ ಬೆರಳೇ ಮೇಲು ಎಂಬ ನನ್ನ ಅಭಿಪ್ರಾಯಕ್ಕೆ ಇದು ಕಾರಣ.

ಪಾರ್ಶ್ವವಾಯು ಆದವರ ಕೈಗೆ ಡೆನಿಮ್ ಬೆರಳುಗಳ ಕೈಗವಸು ತೊಡಿಸುವ ಆಸೆ ನಿಮಗೆ ಬಂದೇ ಬರುತ್ತದೆ. ಅದು ಒಳ್ಳೆಯ ಆಸೆ. ಆದರೆ ಸ್ಪರ್ಶಜ್ಞಾನ ಕಡಿಮೆಯಾದ ಕೈಗೆ ಒತ್ತಡ ಹೆಚ್ಚಾದದ್ದು ತಿಳಿಯುವುದಿಲ್ಲ, ಬಿಗಿದುಕೊಂಡ ಬೆರಳು ಹಿಂದಕ್ಕೆ ತಳ್ಳಿದರೆ ನಿಮ್ಮ ಸಾಧನ ಗಾಯ ಮಾಡಬಹುದು. ಮರದ ಅಥವಾ ಥರ್ಮೋಕೋಲಿನ ಕೈ ಮಾದರಿಯ ಮೇಲೆ ಎಲ್ಲ ಅಳತೆ ಮುಗಿಸಿ. ಅನಂತರ ಫಿಸಿಯೋಥೆರಪಿಸ್ಟರಿಗೆ ತೋರಿಸಿ. ಮನುಷ್ಯರ ಮೇಲಿನ ಪರೀಕ್ಷೆಗೆ ವೈದ್ಯಕೀಯ ಕಾಲೇಜಿನ ನೈತಿಕ ಸಮಿತಿಯ ಅನುಮತಿ ಸಿಗುವವರೆಗೆ ಕಾಯಿರಿ.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ಧನಸಹಾಯ ಕೊಡುತ್ತದೆ, ಅರ್ಜಿ ಕಾಲೇಜಿನ ಮೂಲಕ ಹೋಗಬೇಕು. ಅರ್ಜಿಯೊಂದಿಗೆ ಒತ್ತಡ ಮತ್ತು ಕೋನದ ನಕ್ಷೆ, ತುದಿಯ ಬಲದ ಪಟ್ಟಿ, ಗಾಳಿ ಚೀಲ ತೆಗೆದು ಒಗೆದು ಒಣಗಿಸಿದ ಮೇಲಿನ ಅಳತೆ ಇಷ್ಟನ್ನು ಲಗತ್ತಿಸಿ. ಬಜೆಟ್ಟಿನಲ್ಲಿ ಹೊಲಿಗೆಯ ಕೂಲಿಗೆ ಪ್ರತ್ಯೇಕ ಸಾಲು ಇರಲಿ. ನೆರಿಗೆಯ ಆಳವನ್ನೋ ಇಲಾಸ್ಟಿಕ್ಕಿನ ಬಿಗಿಯನ್ನೋ ಸರಿಪಡಿಸಿದ್ದು ಹೊಲಿಗೆಯವರಾಗಿದ್ದರೆ, ಅವರ ಒಪ್ಪಿಗೆ ಕೇಳಿ ತಂಡದ ಪಟ್ಟಿಯಲ್ಲಿ ಅವರ ಹೆಸರನ್ನೂ ಬರೆಯಿರಿ.